ಗಿಟಾರಿಗೊಂದು ಸ್ಟೆಪ್ನಿ

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋಗಿದ್ದೆ. ಭಾಷಣ, ಸನ್ಮಾನ ಮುಗಿದು ರಸಮಂಜರಿ ಶುರುವಾಗಿತ್ತು. ಎರಡನೆಯ ಹಾಡಿನಲ್ಲಿ ಗಿಟಾರಿನ ತುಣುಕು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ತಬಲಾ ಇತ್ತು, ಕೀಬೋರ್ಡ್ ಇತ್ತು, ಗಿಟಾರಿನವರ ಬೆರಳುಗಳೂ ಓಡುತ್ತಿದ್ದವು. ಸದ್ದು ಮಾತ್ರ ಇಲ್ಲ. ಹಿಂದೆ ಇಟ್ಟಿದ್ದ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಹಾಡುತ್ತಿದ್ದವರು ಒಮ್ಮೆ ತಿರುಗಿ ನೋಡಿದರು. ಆತ ಗಾಬರಿಯಾಗಲಿಲ್ಲ. ಆಂಪಿನಿಂದ ವೈರು ಕಿತ್ತರು, ಕಾಲಬುಡದ ಚೀಲದಿಂದ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದು ಅದಕ್ಕೆ ಸಿಕ್ಕಿಸಿದರು, ಡಬ್ಬಿಯಿಂದ ಇನ್ನೊಂದು ವೈರನ್ನು ಸೌಂಡಿನವರ ಕಡೆಗೆ ಕೊಟ್ಟು, ಮಿಕ್ಸರ್ ಮುಂದೆ ಕೂತ ಹುಡುಗನಿಗೆ ಕೈ ಎತ್ತಿದರು. ಮುಂದಿನ ಚರಣದ ಹೊತ್ತಿಗೆ ಗಿಟಾರು ಮತ್ತೆ ಕೇಳಿಸಿತು. ಸಭೆಯಲ್ಲಿ ಅರ್ಧಕ್ಕರ್ಧ ಜನಕ್ಕೆ ಏನಾಯಿತೆಂದೇ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಅವರ ಪಕ್ಕ ಜಾಗ ಸಿಕ್ಕಿತು. ಹುಬ್ಬಳ್ಳಿ ಕಡೆಯವರು. ಇಪ್ಪತ್ತು ವರ್ಷಗಳಿಂದ ಮುಂಬೈ, ಪುಣೆ, ಬೆಳಗಾವಿ ಅಂತ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದಾರೆ. ಅದೇ ಸಂಪಾದನೆ, ಬೇರೆ ನೌಕರಿ ಇಲ್ಲ. ಆ ಡಬ್ಬಿಯ ವಿಷಯ ಕೇಳಿದೆ. "ಕಾರಿನಾಗ ಸ್ಟೆಪ್ನಿ ಇಟ್ಟಿರ್ತೀರಿ ಹೌದಿಲ್ರೀ? ಇದಕ್ಕ ಬ್ಯಾಡೇನ್ರಿ?" ಅಂದರು. ಹಾಗಾದರೆ ಇನ್ನೊಂದು ಆಂಪನ್ನೇ ಇಟ್ಟುಕೊಳ್ಳಬಹುದಲ್ಲ ಎಂದೆ. ನಕ್ಕರು. "ಹೊರಾವ್ರು ಯಾರ್ರೀ ಸರ?"

ಸಂಭಾವನೆಗೆ ನುಡಿಸುವ ಗಿಟಾರಿಸ್ಟನಿಗೆ ಎರಡನೆಯ ಆಂಪ್ ಬೇಕೇ ಬೇಡವೇ ಎನ್ನುವ ಚರ್ಚೆ ಈ ಎರಡು ಮಾತುಗಳ ನಡುವೆಯೇ ಇದೆ. ಬೇಕು ಅನ್ನುವುದಕ್ಕೆ ಒಂದು ಕಾರಣ, ಆಗುವುದಿಲ್ಲ ಅನ್ನುವುದಕ್ಕೆ ಇನ್ನೊಂದು. ಎಂಬತ್ತು ತೊಂಬತ್ತು ವರ್ಷಗಳಲ್ಲಿ ಈ ಜಗ್ಗಾಟ ಹೇಗೆ ನಡೆಯಿತು ಎನ್ನುವುದು ಸ್ವಾರಸ್ಯದ ಕಥೆ. ಅದರಲ್ಲಿ ಹಾಡು, ವಾದ್ಯಗಳಷ್ಟೇ ಅಲ್ಲ, ಕೆಲಸ ಕೆಟ್ಟರೆ ನಷ್ಟ ಯಾರ ತಲೆಯ ಮೇಲೆ ಎನ್ನುವ ಪ್ರಶ್ನೆಯೂ ಇದೆ.

ಕೊರಳು ಬೇರೆ, ದೇಹ ಬೇರೆ

ಬದಲಿ ಇಟ್ಟುಕೊಳ್ಳುವುದು ವಾದ್ಯಗಾರರಿಗೆ ಹೊಸದಲ್ಲ. ನಾಗಸ್ವರದವರನ್ನು ಹತ್ತಿರದಿಂದ ನೋಡಿ. ಊದುವ ಪೀಪಿಯ ಜೊತೆಗೆ ಇನ್ನೆರಡು ಮೂರು ಪೀಪಿಗಳು ದಾರದಲ್ಲಿ ಕಟ್ಟಿಕೊಂಡು ವಾದ್ಯದಲ್ಲೇ ನೇತಾಡುತ್ತಿರುತ್ತವೆ. ಪಿಟೀಲಿನವರ ಪೆಟ್ಟಿಗೆಯಲ್ಲಿ ಬದಲಿ ತಂತಿ ಇದ್ದೇ ಇರುತ್ತದೆ. ಆದರೆ ಅವೆಲ್ಲ ಬೆರಳ ತುದಿಯಲ್ಲಿ ಹಿಡಿಯುವಂಥವು. ತಂತಿ ಹರಿದರೂ ಪಿಟೀಲಿನ ಹೊಟ್ಟೆ ಅಲ್ಲೇ ಇರುತ್ತದೆ. ಸದ್ದು ಹುಟ್ಟುವ ಜಾಗವೂ ದೊಡ್ಡದಾಗುವ ಜಾಗವೂ ಒಂದೇ.

ಮರದ ಗಿಟಾರೂ ಹಾಗೆಯೇ ಇತ್ತು. ಅದರ ಕಷ್ಟ ಬೇರೆ. 1920, 30ರ ದಶಕಗಳಲ್ಲಿ ಅಮೆರಿಕದ ಡ್ಯಾನ್ಸ್ ಹಾಲುಗಳಲ್ಲಿ ಡ್ರಮ್ಸ್, ಟ್ರಂಪೆಟ್, ಸ್ಯಾಕ್ಸೋಫೋನ್‌ಗಳ ದೊಡ್ಡ ಬ್ಯಾಂಡುಗಳು ನುಡಿಸುವಾಗ ಗಿಟಾರು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹಾಗಾಗಿ ತಂತಿಯ ಕಂಪನವನ್ನು ಅಯಸ್ಕಾಂತದಿಂದ ಹಿಡಿದು ವಿದ್ಯುತ್ತಾಗಿಸಿ, ರೇಡಿಯೋದಲ್ಲಿ ಬಳಸುತ್ತಿದ್ದ ವಾಲ್ವ್‌ಗಳ ಮೂಲಕ ದೊಡ್ಡದು ಮಾಡಿ, ಸ್ಪೀಕರಿಗೆ ಕೊಡುವ ಉಪಾಯ ಬಂತು. 1932ರಲ್ಲಿ ರಿಕನ್‌ಬ್ಯಾಕರ್ ಎಂದು ಮುಂದೆ ಹೆಸರಾದ ಕಂಪನಿ, ಬಾಣಲೆಯ ಆಕಾರದ ಅಲ್ಯೂಮಿನಿಯಂ ಗಿಟಾರನ್ನು ಮಾರಾಟಕ್ಕೆ ತಂದಿತು. 1936ರಲ್ಲಿ ಗಿಬ್ಸನ್ ಕಂಪನಿಯ ಇ.ಎಸ್.-150 ಬಂತು. ಆ 150 ಎಂಬುದು ಬೆಲೆಯ ಸೂಚನೆ: ಗಿಟಾರು, ಆಂಪ್, ನಡುವಿನ ವೈರು ಮೂರೂ ಸೇರಿ ಸುಮಾರು 150 ಡಾಲರ್. ಗಿಟಾರು ಒಂದು ವಸ್ತು, ಆಂಪ್ ಇನ್ನೊಂದು ಎಂದು ಆಗಿನವರು ಎಣಿಸಿರಲಿಲ್ಲ. ಎರಡೂ ಸೇರಿ ಒಂದು ವಾದ್ಯ.

ಚಾರ್ಲಿ ಕ್ರಿಶ್ಚಿಯನ್ ಎಂಬ ಒಕ್ಲಹೋಮಾದ ಯುವಕ ಇದೇ ಗಿಟಾರನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನರ ತಂಡ ಸೇರಿದ. ಹಿಂದಿನ ಸಾಲಿನಲ್ಲಿ ತಾಳ ಹಿಡಿಯುತ್ತಿದ್ದ ವಾದ್ಯ, ಸ್ಯಾಕ್ಸೋಫೋನಿನ ಹಾಗೆ ಮುಂದೆ ಬಂದು ಒಂಟಿಯಾಗಿ ಹಾಡುವಂತಾಯಿತು. ಆತ 1942ರಲ್ಲಿ, 25ನೆಯ ವಯಸ್ಸಿಗೇ ತೀರಿಕೊಂಡ. ಅಷ್ಟರಲ್ಲಿ ಗಿಟಾರಿನ ಸ್ಥಾನವೇ ಬದಲಾಗಿತ್ತು.

ಆದರೂ ಆ ಗಿಟಾರಿಗೆ ಟೊಳ್ಳು ಹೊಟ್ಟೆ ಇತ್ತು. ಆಂಪ್ ಸತ್ತರೆ ಮೆಲ್ಲಗಾದರೂ ಕೇಳುತ್ತಿತ್ತು. 1950ರಲ್ಲಿ ಲಿಯೋ ಫೆಂಡರ್ ತಂದ, ಮುಂದೆ ಟೆಲಿಕ್ಯಾಸ್ಟರ್ ಎಂದು ಹೆಸರಾದ ಗಿಟಾರು ಘನ ಮರದ ಹಲಗೆ. ಅದಕ್ಕೆ ಹೊಟ್ಟೆಯೇ ಇಲ್ಲ. ಆಂಪ್ ಇಲ್ಲದಿದ್ದರೆ ಎದುರು ಕೂತವರಿಗೂ ಕೇಳದು. ಬದಲಿ ಆಂಪಿನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಇಲ್ಲಿ. ಕೊರಳು ದೇಹದಿಂದ ಹೊರಬಂದು ಒಂದು ಪೆಟ್ಟಿಗೆಯೊಳಗೆ ಕೂತಿತು. ಆ ಪೆಟ್ಟಿಗೆಯೊಳಗೆ ಇದ್ದದ್ದಾದರೂ ಗಾಜು.

ರಿಪೇರಿಯವನ ಜಾಣತನ

ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಜಿನ ಬುರುಡೆ, ಒಳಗೆ ಕೆಂಪಗೆ ಕಾಯುವ ತಂತಿ, ಗಾಳಿ ತೆಗೆದ ಖಾಲಿ ಜಾಗ. ಮನೆಯ ಗೂಡಿನಲ್ಲಿ ಕೂತ ರೇಡಿಯೋದಲ್ಲೇ ಅವು ಆಗಾಗ ಕೈ ಕೊಡುತ್ತಿದ್ದವು. ಗಿಟಾರಿನ ಆಂಪಿನಲ್ಲಿ ಅದೇ ವಾಲ್ವ್‌ಗಳು ಸ್ಪೀಕರಿನ ಪಕ್ಕದಲ್ಲೇ ನೇತಾಡುತ್ತವೆ. ಸ್ಪೀಕರ್ ಗುಡುಗಿದಷ್ಟೂ ಅವು ಅದುರುತ್ತವೆ. ಕಾರ್ಯಕ್ರಮ ಮುಗಿದು ಬಿಸಿ ಆರುವ ಮೊದಲೇ ವ್ಯಾನಿಗೆ ಏರಿ, ಹಳ್ಳ ದಿಣ್ಣೆಯ ಮೇಲೆ ಕುಲುಕಾಡಿ, ಮರುದಿನ ಬೇರೆ ಊರಿನಲ್ಲಿ ಬೇರೆ ವೋಲ್ಟೇಜಿಗೆ ಉರಿಯಬೇಕು. ವಾಲ್ವ್ ಒಳಗೇ ಶಾರ್ಟ್ ಆದರೆ ಫ್ಯೂಸ್ ಹಾರುತ್ತದೆ. ಸ್ಪೀಕರಿನ ವೈರು ಬಿಚ್ಚಿಕೊಂಡಿದ್ದು ತಿಳಿಯದೆ ಜೋರಾಗಿ ನುಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ರೇ ಸುಟ್ಟು ಹೋಗಬಹುದು.

ಲಿಯೋ ಫೆಂಡರಿಗೆ ಇದೆಲ್ಲ ಬಾಯಿಪಾಠ. ಆತ ಗಿಟಾರ್ ನುಡಿಸಲು ಕಲಿತವನೇ ಅಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದಿದ್ದವನು. ರಾತ್ರಿಯೆಲ್ಲ ನುಡಿಸಿ ಬೆಳಗಾಗುತ್ತಲೇ ಸತ್ತ ಆಂಪ್ ಹೊತ್ತು ಬರುವವರನ್ನು ಕಂಡಿದ್ದವನು. ಹಾಗಾಗಿ ಆತನ ಆಂಪ್‌ಗಳು ರಿಪೇರಿಯವನು ಮಾಡಿದ ಆಂಪ್‌ಗಳು: ಹಿಂದಿನ ಹಲಗೆ ಬಿಚ್ಚಿದರೆ ವಾಲ್ವ್‌ಗಳು ಕೈಗೆ ಸಿಗುತ್ತವೆ, ಎಳೆದು ಹೊಸದನ್ನು ಕೂಡಿಸಿದರೆ ಆಯಿತು. ವಾಲ್ವ್‌ಗಳೂ ಆಗ ರೇಡಿಯೋ ಅಂಗಡಿಗಳಲ್ಲಿ ಸಿಗುತ್ತಿದ್ದ ಸಾಮಾನು.

ಆ ಕಾಲದ ಆಂಪ್‌ಗಳಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಒಂದಕ್ಕಿಂತ ಹೆಚ್ಚು ತೂತುಗಳಿರುತ್ತಿದ್ದವು. ಎರಡು ವಾದ್ಯಕ್ಕೆ, ಒಂದು ಮೈಕಿಗೆ ಎಂಬಂತೆ. ಸಣ್ಣ ತಂಡಕ್ಕೆ ಒಂದೇ ಆಂಪ್ ಸಾಕಾಗಲಿ ಎಂಬ ಲೆಕ್ಕ. ಅದರಿಂದ ಒಂದು ಪುಕ್ಕಟೆ ಅನುಕೂಲವೂ ಇತ್ತು. ನಿಮ್ಮದು ಕೆಟ್ಟರೆ ಪಕ್ಕದವನ ಆಂಪಿನ ಖಾಲಿ ತೂತಿಗೆ ಸಿಕ್ಕಿಸಿಕೊಳ್ಳಬಹುದು. ಮೊದಲ ಬದಲಿ ಆಂಪ್ ಅಂದರೆ ಪಕ್ಕದಲ್ಲಿ ನಿಂತ ಗೆಳೆಯನ ಆಂಪ್. ದುಡ್ಡಿಲ್ಲದವರ ವಿಮೆ ಯಾವಾಗಲೂ ಹೀಗೇ ತಾನೆ.

ಒಡೆದ ಸ್ಪೀಕರಿನ ಕಥೆ

ಬದಲಿ ಬೇಡ ಅನ್ನುವವರು ತಪ್ಪದೆ ಹೇಳುವ ಕಥೆಯೊಂದಿದೆ. 1951ರ ಮಾರ್ಚ್. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಕಡೆಯಿಂದ ಐಕ್ ಟರ್ನರ್ ಎಂಬ 19 ವರ್ಷದ ಹುಡುಗನ ತಂಡ ಹೈವೇ 61ರಲ್ಲಿ ಮೆಂಫಿಸ್ ಊರಿಗೆ ಹೊರಟಿತ್ತು. ಸ್ಯಾಮ್ ಫಿಲಿಪ್ಸ್ ಎಂಬಾತನ ಪುಟ್ಟ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಇತ್ತು. ದಾರಿಯಲ್ಲಿ ಗಿಟಾರಿಸ್ಟ್ ವಿಲ್ಲಿ ಕಿಜಾರ್ಟನ ಆಂಪ್ ಹಾಳಾಯಿತು. ಹೇಗೆ ಎನ್ನುವುದಕ್ಕೆ ಎರಡು ಕಥೆಗಳಿವೆ. ಕಾರಿನ ಮೇಲಿಂದ ಬಿತ್ತು ಎಂದು ಒಂದು. ಪಂಕ್ಚರ್ ಆದ ಚಕ್ರ ಬದಲಿಸುವಾಗ ಮಳೆಯಲ್ಲಿ ನೆನೆಯಿತು ಎಂದು ಇನ್ನೊಂದು. ಎರಡನೆಯದು ನಿಜವಾದರೆ, ಕಾರಿಗೆ ಸ್ಟೆಪ್ನಿ ಇತ್ತು, ಆಂಪಿಗೆ ಇರಲಿಲ್ಲ.

ಫಿಲಿಪ್ಸ್ ಹರಿದ ಸ್ಪೀಕರಿನೊಳಗೆ ಕಾಗದ ತುರುಕಿ ಹಾಗೇ ನುಡಿಸಲು ಹೇಳಿದ. ಒರಟಾದ, ಗರಗರ ಎನ್ನುವ ಸದ್ದು ಬಂತು. ಅದನ್ನೇ ಮುಂದಿಟ್ಟು ರೆಕಾರ್ಡ್ ಮಾಡಿದ. "ರಾಕೆಟ್ 88" ಎಂಬ ಆ ಹಾಡು ಚೆಸ್ ಕಂಪನಿಯಿಂದ ಹೊರಬಂದು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೊದಲ ರಾಕ್ ಅಂಡ್ ರೋಲ್ ಹಾಡು ಇದೇ ಎನ್ನುವವರು ಇಂದಿಗೂ ಇದ್ದಾರೆ. ಆ ಸದ್ದಿನ ಬೆನ್ನು ಹತ್ತಿ ಮುಂದೆ ಸ್ಪೀಕರನ್ನು ಬೇಕೆಂದೇ ಹಾಳು ಮಾಡಿದವರೂ ಬಂದರು. ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ 1964ರಲ್ಲಿ ಹೆಸರುವಾಸಿಯಾದ.

ಕಥೆ ಚೆನ್ನಾಗಿದೆ. ಆದರೆ ಇದರಿಂದ ನೀತಿ ತೆಗೆಯುವ ಮೊದಲು ಎರಡು ಮಾತು ನೆನಪಿರಲಿ. ಒಂದು, ಅದು ಸ್ಟುಡಿಯೋ. ಕಾಗದ ಹುಡುಕಿ ತುರುಕಲು ಸಮಯವಿತ್ತು. ಮುಂದೆ ಕೂತ ಜನರಿರಲಿಲ್ಲ, ಧಾರೆಯ ಮುಹೂರ್ತ ಮೀರುತ್ತಿರಲಿಲ್ಲ. ಎರಡು, ಕಿಜಾರ್ಟನ ಆಂಪ್ ಒರಟಾಗಿಯಾದರೂ ಸದ್ದು ಮಾಡಿತು. ಪೂರ್ತಿ ಮೌನವಾದ ಆಂಪಿನಿಂದ ಯಾವ ಹೊಸ ಸಂಗೀತವೂ ಹುಟ್ಟಿಲ್ಲ. ಅಂಥ ರಾತ್ರಿಗಳು ಎಷ್ಟು ಆಗಿಹೋಗಿವೆಯೋ, ಅವುಗಳ ರೆಕಾರ್ಡ್ ಇಲ್ಲ, ಕಥೆಯೂ ಇಲ್ಲ. ಬಿದ್ದ ಆಂಪಿನಿಂದ ಅದೃಷ್ಟ ತೆರೆದ ಒಬ್ಬನನ್ನು ನಾವು ನೆನೆಯುತ್ತೇವೆ. ಸಂಭಾವನೆ ಕಳೆದುಕೊಂಡು ಬಸ್ ಹತ್ತಿದವರನ್ನು ಯಾರೂ ಬರೆದಿಡಲಿಲ್ಲ.

ಗೋಡೆಯಷ್ಟು ಎತ್ತರ

1960ರ ದಶಕದಲ್ಲಿ ಆಂಪ್‌ಗಳು ಬೆಳೆದವು. ಜನ ಹೆಚ್ಚಿದಂತೆ ಸದ್ದೂ ಹೆಚ್ಚಬೇಕಾಯಿತು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಡ್ರಮ್ಸ್ ಮೇಷ್ಟ್ರು ಜಿಮ್ ಮಾರ್ಷಲ್. ಅಮೆರಿಕದಿಂದ ತರಿಸುವ ಫೆಂಡರ್ ಆಂಪ್ ದುಬಾರಿ ಎಂದು, ಅದರ ಬಾಸ್‌ಮನ್ ಮಾದರಿಯನ್ನೇ ಮುಂದಿಟ್ಟುಕೊಂಡು ಸ್ವಂತ ಆಂಪ್ ಮಾಡಿಸಿದ. ಕೆಲವೇ ವರ್ಷಗಳಲ್ಲಿ "ದ ಹೂ" ತಂಡದ ಪೀಟ್ ಟೌನ್‌ಶೆಂಡ್ ಬಂದು ಇನ್ನೂ ಜೋರಾಗಿ ಬೇಕು ಎಂದ. 1965ರಲ್ಲಿ 100 ವ್ಯಾಟಿನ ಆಂಪ್, ಅದಕ್ಕೆ ಎಂಟು ಸ್ಪೀಕರಿನ ಒಂದೇ ದೊಡ್ಡ ಪೆಟ್ಟಿಗೆ ತಯಾರಾಯಿತು. ಸಾಮಾನು ಹೊರುವ ಹುಡುಗರು ಕೈ ಎತ್ತಿಬಿಟ್ಟರು. ಕೊನೆಗೆ ಅದನ್ನು ನಾಲ್ಕು ನಾಲ್ಕು ಸ್ಪೀಕರಿನ ಎರಡು ಪೆಟ್ಟಿಗೆಯಾಗಿ ಒಡೆದು ಒಂದರ ಮೇಲೊಂದು ಇಟ್ಟರು. ರಾಕ್ ಸಂಗೀತದ ಚಿತ್ರಗಳಲ್ಲಿ ಹಿಂದೆ ಗೋಡೆಯಂತೆ ಕಾಣುವ ಆ ಪೆಟ್ಟಿಗೆಗಳ ಸಾಲಿನ ಮೂಲ, ಕೂಲಿಯವರ ಸೊಂಟನೋವು.

ದೊಡ್ಡ ತಂಡಗಳಿಗೆ ಬದಲಿ ಆಗ ಸಮಸ್ಯೆಯಾಗಿ ಉಳಿಯಲಿಲ್ಲ. ಹಿಂದೆ ಮೂರು ನಾಲ್ಕು ಆಂಪ್ ಇದ್ದರೆ ಒಂದು ಸತ್ತರೂ ತಿಳಿಯದು. ತಿಳಿದರೆ ಓಡಿಬಂದು ಸರಿಪಡಿಸುವವರಿದ್ದರು, ಲಾರಿಯಲ್ಲಿ ಇನ್ನೂ ಇದ್ದವು. ಒಬ್ಬಂಟಿ ಗಿಟಾರಿಸ್ಟನಿಗೆ ಅದೇ ಕಾಲ ಕಷ್ಟದ್ದಾಯಿತು. ಪೋಸ್ಟರಿನಲ್ಲಿ ಕಂಡದ್ದು ಅವನಿಗೂ ಬೇಕು. ಫೆಂಡರ್ ಟ್ವಿನ್ ರಿವರ್ಬ್ ಎಂಬ ಹೆಸರಾಂತ ಆಂಪ್ ಸುಮಾರು 29 ಕೆ.ಜಿ. ಒಂದನ್ನು ಮಹಡಿಗೆ ಹೊರುವುದೇ ಸಾಕುಬೇಕಾಗುತ್ತದೆ. ಎರಡು ಕೊಳ್ಳಲು ದುಡ್ಡಿಲ್ಲ, ಇದ್ದರೆ ಸಾಗಿಸಲು ಗಾಡಿಯಿಲ್ಲ. "ಹೊರಾವ್ರು ಯಾರ್ರೀ" ಎಂಬ ಮಾತು ಇಲ್ಲಿಂದ ಬಂದದ್ದು.

ಇದನ್ನು ಬಿಡಿಸಿದ್ದು ಗಿಟಾರಿನವರಲ್ಲ, ಮೈಕ್‌ಸೆಟ್ಟಿನವರು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ತಂಡ ಸುಮಾರು 55,000 ಜನರ ಮುಂದೆ ನುಡಿಸಿತು. ಗಿಟಾರುಗಳಿಗೆ 100 ವ್ಯಾಟಿನ ವಾಕ್ಸ್ ಆಂಪ್‌ಗಳು. ಜನರ ಕೂಗಿನಲ್ಲಿ ತಮ್ಮ ಸದ್ದು ತಮಗೇ ಕೇಳದ ಸ್ಥಿತಿ. ವೇದಿಕೆಯ ಆಂಪನ್ನು ಎಷ್ಟು ದೊಡ್ಡದು ಮಾಡಿದರೂ ಸಾಲದು ಎಂಬುದು ಸ್ಪಷ್ಟವಾಯಿತು. 1969ರ ವುಡ್‌ಸ್ಟಾಕ್ ಹೊತ್ತಿಗೆ ಬಿಲ್ ಹ್ಯಾನ್ಲಿಯಂಥ ಸೌಂಡ್ ಎಂಜಿನಿಯರುಗಳು ಲಕ್ಷಗಟ್ಟಲೆ ಜನಕ್ಕೆ ಕೇಳಿಸುವ ವ್ಯವಸ್ಥೆ ಕಟ್ಟಿದ್ದರು. ಬರಬರುತ್ತಾ ಗಿಟಾರಿನ ಆಂಪಿನ ಮುಂದೆಯೂ ಮೈಕ್ ಇಡುವುದು ರೂಢಿಯಾಯಿತು. ಇದರ ಅರ್ಥ ದೊಡ್ಡದು. ಜನರಿಗೆ ಕೇಳಿಸುವ ಹೊಣೆ ಇನ್ನು ಆಂಪಿನದಲ್ಲ, ಮೈಕ್‌ಸೆಟ್ಟಿನದು. ಆಂಪ್ ಸದ್ದಿನ ಬಣ್ಣ ಕೊಟ್ಟರೆ ಸಾಕು. ಬಣ್ಣ ಕೊಡುವ ಕೆಲಸಕ್ಕೆ 29 ಕೆ.ಜಿ. ಬೇಕಿಲ್ಲ.

ಚೀಲದೊಳಗೆ ಬಂದ ಬದಲಿ

ಗಾಜಿನ ಬದಲು ಟ್ರಾನ್ಸಿಸ್ಟರ್ ಹಾಕುವ ಪ್ರಯತ್ನ ಮೊದಮೊದಲು ಸೋತಿತು. ಫೆಂಡರ್ ಕಂಪನಿಯೇ 1966ರಲ್ಲಿ ಟ್ರಾನ್ಸಿಸ್ಟರ್ ಆಂಪ್‌ಗಳ ಸಾಲೊಂದನ್ನು ತಂದಿತು. ಸದ್ದು ಹಿಡಿಸಲಿಲ್ಲ, ಬಾಳಿಕೆಯೂ ಬರಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತಿತು. ಗೆದ್ದದ್ದು ಜಪಾನಿನ ರೋಲ್ಯಾಂಡ್. 1975ರಲ್ಲಿ ಬಂದ ಅದರ ಜೆ.ಸಿ.-120 ಆಂಪ್ ಭಾರದಲ್ಲೇನೂ ಕಡಿಮೆಯಿಲ್ಲ, ಆದರೆ ಗಟ್ಟಿ. ವಾಲ್ವ್ ಬದಲಿಸುವ ಗೋಜಿಲ್ಲ. ಇಂದು ನುಡಿಸಿದ ಹಾಗೆಯೇ ನಾಳೆಯೂ ನುಡಿಯುತ್ತದೆ. ಹಾಗಾಗಿ ಆಂಪ್ ಬಾಡಿಗೆಗೆ ಕೊಡುವವರು, ಹಾಲಿನವರು ಅದನ್ನೇ ಕೊಂಡರು. ವಿಮಾನದಲ್ಲಿ ಬರುವ ಕಲಾವಿದ ಗಿಟಾರು ಮಾತ್ರ ತಂದರೆ ಸಾಕು ಎಂಬ ಪದ್ಧತಿ ಇಂಥ ಆಂಪ್‌ಗಳಿಂದ ಗಟ್ಟಿಯಾಯಿತು.

1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ ಎಂಬಾತನ "ಸ್ಯಾನ್ಸ್‌ಆಂಪ್" ಎಂಬ ಡಬ್ಬಿ ಬಂತು. ಹೆಸರಿನ ಅರ್ಥವೇ ಆಂಪ್ ಇಲ್ಲದೆ ಎಂದು. ಗಿಟಾರನ್ನು ನೇರ ಮಿಕ್ಸರಿಗೆ ಕೊಟ್ಟರೆ ಸದ್ದು ತೆಳ್ಳಗೆ, ಜೇನುಹುಳ ಗುಂಯ್‌ಗುಟ್ಟಿದಂತೆ ಬರುತ್ತದೆ. ಗಿಟಾರಿನ ಸ್ಪೀಕರ್ ತೀರಾ ಚೂಪಾದ ಸ್ವರಗಳನ್ನು ಹೊರಗೆ ಬಿಡುವುದಿಲ್ಲ, ಮೈಕ್‌ಸೆಟ್ಟಿನ ಸ್ಪೀಕರ್ ಬಿಡುತ್ತದೆ, ಅದೇ ವ್ಯತ್ಯಾಸ. ಈ ಡಬ್ಬಿ ವಾಲ್ವ್ ಆಂಪಿನ ಮತ್ತು ಅದರ ಸ್ಪೀಕರಿನ ಗುಣವನ್ನು ಅನುಕರಿಸಿ ಕೊಡುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿ ಸಾಕು. 1998ರಲ್ಲಿ ಲೈನ್ 6 ಕಂಪನಿಯ "ಪಾಡ್" ಅದೇ ಕೆಲಸವನ್ನು ಕಂಪ್ಯೂಟರ್ ಲೆಕ್ಕದಿಂದ ಮಾಡಿತು. ಬದಲಿ ಆಂಪ್ ಈಗ ಊಟದ ಡಬ್ಬಿಗಿಂತ ಚಿಕ್ಕದು.

ಅತ್ತ ವಾಲ್ವ್ ಮಾತ್ರ ಅಪರೂಪವಾಗುತ್ತ ಬಂತು. ಒಂದು ಕಾಲಕ್ಕೆ ಅದು ನಮ್ಮಲ್ಲೇ ತಯಾರಾಗುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನು ಮಾಡಲು ಶುರುಮಾಡಿತು. ಬಿ.ಇ.ಎಲ್. ಮುದ್ರೆಯ ಇಸಿಸಿ83 ಎಂಬ ವಾಲ್ವ್, ಫೆಂಡರ್, ಮಾರ್ಷಲ್ ಆಂಪ್‌ಗಳ ಮೊದಲ ಹಂತದಲ್ಲಿ ಕೂರುವ ಜಾತಿಯದೇ. ಹಳೆಯ ದಾಸ್ತಾನಿನಲ್ಲಿ ಸಿಕ್ಕರೆ ಹೊರದೇಶದ ಗಿಟಾರಿನವರೂ ಕೊಳ್ಳುತ್ತಾರೆ. ಈಗ ವಾಲ್ವ್ ಮಾಡುವ ದೊಡ್ಡ ಕಾರ್ಖಾನೆಗಳು ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಬೆರಳೆಣಿಕೆಯಷ್ಟಿವೆ. 2022ರ ಮಾರ್ಚಿನಲ್ಲಿ ಯುದ್ಧದ ನಡುವೆ ರಷ್ಯಾ ಹಲವು ವಸ್ತುಗಳ ರಫ್ತು ತಡೆದಾಗ, ಅಲ್ಲಿನ ಸರಟೋವ್ ಊರಿನ ವಾಲ್ವ್‌ಗಳೂ ಬರುವುದಿಲ್ಲ ಎಂಬ ಸುದ್ದಿ ಹಬ್ಬಿ ಗಿಟಾರ್ ಲೋಕ ಕೆಲವು ವಾರ ತಲ್ಲಣಿಸಿತು. ಬದಲಿ ಆಂಪಿನ ಮಾತು ಹಾಗಿರಲಿ, ಆಂಪಿನ ಬದಲಿ ಬಿಡಿಭಾಗವೇ ಸಿಗದಿದ್ದರೆ ಏನು ಗತಿ ಎಂದು ಎಲ್ಲರೂ ಲೆಕ್ಕ ಹಾಕಿದ ವಾರಗಳವು.

ಹಾಗಾದರೆ ಬೇಕೇ?

ಇಷ್ಟನ್ನು ನೋಡಿದ ಮೇಲೆ ನನ್ನ ಉತ್ತರ ಇದು. ಎರಡನೆಯ ಆಂಪ್ ಬೇಕಿಲ್ಲ, ಎರಡನೆಯ ದಾರಿ ಬೇಕು. ಗೆಳೆಯನ ಆಂಪಿನ ಖಾಲಿ ತೂತು, ಹಾಲಿನವರ ಬಾಡಿಗೆ ಆಂಪ್, ಚೀಲದ ಡಬ್ಬಿ, ಎಲ್ಲ ಕಾಲದಲ್ಲೂ ಗಿಟಾರಿಸ್ಟನನ್ನು ಕಾಪಾಡಿದ್ದು ಈ ದಾರಿಯೇ.

ಎರಡನೆಯ ದಾರಿಗೆ ಒಂದು ನಿಯಮವಿದೆ. ಮೊದಲ ದಾರಿಯಲ್ಲಿ ಕೆಡಬಹುದಾದ ಯಾವುದನ್ನೂ ಅದು ನೆಚ್ಚಿಕೊಂಡಿರಬಾರದು. ಎರಡು ಆಂಪನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದರೆ ಬೋರ್ಡ್ ಸುಟ್ಟಾಗ ಎರಡೂ ಹೋಗುತ್ತವೆ. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಟ್ಟ 120 ವೋಲ್ಟಿನ ಆಂಪ್ ನಮ್ಮ 230 ವೋಲ್ಟಿಗೆ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಡುತ್ತದೆ. ಕೆಡಲು ಅದೂ ಒಂದು ಸಾಮಾನೇ. ಬ್ಯಾಟರಿಯ ಡಬ್ಬಿಗೆ ಆ ಭಯವಿಲ್ಲ. ಅದಕ್ಕೂ ಮೊದಲು ಬದಲಿ ವೈರು. ಸದ್ದು ನಿಂತರೆ ಮೊದಲು ಅನುಮಾನಿಸಬೇಕಾದ್ದು ವೈರನ್ನೇ. ಆಮೇಲೆ ಸರಿಯಾದ ಅಳತೆಯ ಫ್ಯೂಸ್. ಇವೆಲ್ಲ ಇದ್ದೂ, ಕಾರ್ಯಕ್ರಮಕ್ಕೆ ಮೊದಲೇ ಸೌಂಡಿನ ಹುಡುಗನಿಗೆ ಹೇಳಿ ಒಂದು ಸಾಲು ಖಾಲಿ ಇಡಿಸಿಕೊಳ್ಳದಿದ್ದರೆ ಉಪಯೋಗವಿಲ್ಲ. ಗಾಳಿ ಇಲ್ಲದ ಸ್ಟೆಪ್ನಿ ಇಟ್ಟುಕೊಂಡಂತೆ.

ಶನಿವಾರ ಸಂಜೆ ಗೆಳೆಯರ ಜೊತೆ ನುಡಿಸುವವರಿಗೆ ಇದಾವುದೂ ಬೇಡ. ಆಂಪ್ ಕೆಟ್ಟರೆ ಚಹಾ ಕುಡಿದು ಮನೆಗೆ ಹೋಗಬಹುದು. ಆದರೆ ಮದುವೆ, ಗಣೇಶೋತ್ಸವ, ಸಂಘದ ಕಾರ್ಯಕ್ರಮಗಳಿಗೆ ನುಡಿಸುವವರಿಗೆ ಹಾಗಲ್ಲ. ಸಂಘದವರಿಗೆ ಅದು ವರ್ಷಕ್ಕೊಂದೇ ದಿನ. ಸದ್ದು ಯಾಕೆ ನಿಂತಿತೆಂದು ಯಾರೂ ವಿಚಾರಿಸುವುದಿಲ್ಲ, ಮುಂದಿನ ವರ್ಷ ಫೋನ್ ಬರುವುದಿಲ್ಲ, ಅಷ್ಟೇ. ಸ್ಟಾರ್ ಕಲಾವಿದನ ಬದಲಿ ಆಂಪಿನ ಖರ್ಚು ಟಿಕೆಟ್ಟಿನಲ್ಲಿ ಸೇರಿರುತ್ತದೆ. ಆರ್ಕೆಸ್ಟ್ರಾದವನ ಬದಲಿ ಅವನ ಸ್ವಂತ ಜೇಬಿನದು. ಕರೆಸುವ ನಾವು ಕೊಡುವ ಸಂಭಾವನೆಯಲ್ಲಿ ಅದನ್ನು ಲೆಕ್ಕ ಹಾಕಿರುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ಟೆಂಪೋ ಹಿಂದೆ ಅವರು ಆಂಪಿನ ಹಿಂಬದಿ ಬಿಚ್ಚಿ ಟಾರ್ಚ್ ಹಿಡಿದು ನೋಡುತ್ತಿದ್ದರು. ನಾನೂ ಬಗ್ಗಿದೆ. ಸ್ಪೀಕರಿಗೆ ಹೋಗುವ ಒಂದು ವೈರಿನ ಬೆಸುಗೆ ಬಿಟ್ಟಿತ್ತು, ಬೇರೇನೂ ಇಲ್ಲ. "ಐದ ನಿಮಿಷದ ಕೆಲಸರೀ," ಅಂದರು. "ಖರೆ, ಆ ಐದ ನಿಮಿಷ ಸ್ಟೇಜ್ ಮ್ಯಾಲ ಯಾರೂ ಕೊಡಂಗಿಲ್ಲ ನೋಡ್ರಿ." ಡಬ್ಬಿಯ ಬ್ಯಾಟರಿ ತೆಗೆದು, ಹೊಸದೊಂದನ್ನು ಹಾಕಿ ಚೀಲಕ್ಕೆ ಸೇರಿಸಿದರು. ಮರುದಿನ ಮುಂಬೈಯಲ್ಲಿ ಕಾರ್ಯಕ್ರಮವಿತ್ತು.